ಪ್ರಹೇಳಿಕೆಯ ನ್ಯಾಯ

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ‘ವಿದ್ಯಾಪತಿ’ಯಾಗಿದ್ದ ಕಾಶ್ಮೀರದ ಬಿಲ್ಹಣನ ಹೆಸರಿನಲ್ಲಿ ‘ಚೌರಪಂಚಾಶಿಕಾ’ ಎಂಬ ಪ್ರೇಮಕಾವ್ಯವು ಪ್ರಸಿದ್ಧವಾಗಿದೆ. 1919ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಸ್ವತಂತ್ರವಾಗಿ ಮರುಸೃಷ್ಟಿಸಿದವರು ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. ಇದೇ ಮ್ಯಾಥರ್ಸ್ 1926ರಿಂದ ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ‘ಟಾರ್ಕ್ವಿಮಾಡ’ ಎಂಬ ಗುಪ್ತನಾಮದಿಂದ ಗೂಢಾರ್ಥದ ಪದಬಂಧಗಳನ್ನು ರಚಿಸತೊಡಗಿದರು. ಸಾಹಿತ್ಯಚರಿತ್ರೆಯವರು ಮೊದಲನೆಯ ಸಂಗತಿಯನ್ನು ಮಾತ್ರ ನೆನೆಯುತ್ತಾರೆ, ಪದಬಂಧಪ್ರಿಯರು ಎರಡನೆಯದನ್ನು ಮಾತ್ರ. ಈ ಎರಡು ಕೆಲಸಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದು ನನಗೆ ಅಷ್ಟೇನೂ ಅಚ್ಚರಿಯೆನಿಸುವುದಿಲ್ಲ.

ಗೂಢಾರ್ಥದ ಪದಬಂಧದ ಸುಳಿವು ಹೊರನೋಟಕ್ಕೆ ಒಂದು ಸಾಮಾನ್ಯ ವಾಕ್ಯ. ಅದರ ಒಂದು ತುದಿಯಲ್ಲಿ ಉತ್ತರದ ನೇರವಾದ ಅರ್ಥವಿರುತ್ತದೆ; ಉಳಿದ ಭಾಗವು ಆ ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಬಗೆಯನ್ನು ಹೇಳುತ್ತದೆ. ಕನ್ನಡದಲ್ಲಿಯೇ ಒಂದನ್ನು ಕಟ್ಟಿ ನೋಡೋಣ: ‘ಕುಗ್ಗಿದ ಬಾಳೆ ಕೈಯ ಸಿಂಗಾರ’, ಎರಡು ಅಕ್ಷರ. ಓದುಗನ ಕಣ್ಣು ಒಣಗಿದ ಗಿಡದ ಕಡೆಗೆ ಹೋಗುತ್ತದೆ. ಆದರೆ ‘ಕುಗ್ಗಿದ’ ಎಂಬುದು ದೀರ್ಘವನ್ನು ಹ್ರಸ್ವ ಮಾಡೆಂಬ ಆಜ್ಞೆ. ‘ಬಾಳೆ’ ಕುಗ್ಗಿದರೆ ‘ಬಳೆ’, ಅದೇ ಕೈಯ ಸಿಂಗಾರ. ‘ಚುಕ್ಕೆ ಕಳೆದುಕೊಂಡ ಕಂದ ಮನೆ ಕಾಯುತ್ತದೆ’ ಎಂಬಲ್ಲಿ ‘ಕಂದ’ದ ಬಿಂದು ಹೋಗಿ ‘ಕದ’ ಉಳಿಯುತ್ತದೆ. ಸುಳಿವು ದಾರಿ ತಪ್ಪಿಸಬಹುದು, ಆದರೆ ಸುಳ್ಳು ಹೇಳಬಾರದು.

ಈ ಕೊನೆಯ ನಿಯಮವನ್ನು ಬಿಗಿಯಾಗಿ ಪ್ರತಿಪಾದಿಸಿದವರು ಮ್ಯಾಥರ್ಸ್ ತೀರಿಕೊಂಡ 1939ರಲ್ಲಿ ಅವರ ಸ್ಥಾನಕ್ಕೆ ಬಂದ ಡೆರಿಕ್ ಸಾಮರ್‌ಸೆಟ್ ಮ್ಯಾಕ್‌ನಟ್. ಪ್ರಾಚೀನ ಗ್ರೀಕ್-ಲ್ಯಾಟಿನ್ ಸಾಹಿತ್ಯದ ಅಧ್ಯಾಪಕರಾಗಿದ್ದ ಇವರ ಗುಪ್ತನಾಮ ‘ಕ್ಸಿಮೆನಿಸ್’. (ಇಬ್ಬರ ಗುಪ್ತನಾಮಗಳೂ ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಗಳವು, ಬಿಡಿಸುವವರಿಗೆ ಕಾದಿದ್ದ ಹಿಂಸೆಯ ಮುನ್ಸೂಚನೆಯದು!) ಸುಳಿವಿನ ಪ್ರತಿಯೊಂದು ಪದಕ್ಕೂ ಕೆಲಸವಿರಬೇಕು, ಉತ್ತರ ತಿಳಿದ ಮೇಲೆ ಅದು ಹೇಗೆ ಬಂತೆಂದು ವಿವರಿಸಲು ಸಾಧ್ಯವಾಗಬೇಕು ಎಂಬುದು 1966ರಲ್ಲಿ ಪ್ರಕಟವಾದ ಅವರ ಗ್ರಂಥದ ನಿಲುವು.

ದಂಡಿಯ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದವನ್ನು ಓದಿದವರಿಗೆ ಈ ನಿಲುವು ಹೊಸದೆನಿಸದು. ವಿನೋದಗೋಷ್ಠಿಗಳಲ್ಲಿ, ಜನಸಂದಣಿಯ ನಡುವಿನ ಗುಟ್ಟಿನ ಮಾತಿನಲ್ಲಿ, ಪರರನ್ನು ತಬ್ಬಿಬ್ಬುಗೊಳಿಸುವಲ್ಲಿ ಪ್ರಹೇಳಿಕೆಗೆ ಉಪಯೋಗವುಂಟೆಂದು ಆತ ಹೇಳಿ, ಅದರ 16 ಬಗೆಗಳನ್ನು ಲಕ್ಷಣ, ಉದಾಹರಣೆಗಳೊಡನೆ ವಿವರಿಸುತ್ತಾನೆ. ಪೂರ್ವಾಚಾರ್ಯರು 14 ದುಷ್ಟ ಪ್ರಹೇಳಿಕೆಗಳನ್ನೂ ಎಣಿಸಿದ್ದರು. ದಂಡಿ ಅವುಗಳ ಗೋಜಿಗೆ ಹೋಗುವುದಿಲ್ಲ: ದೋಷಗಳು ಅಸಂಖ್ಯ, ಆದ್ದರಿಂದ ಸಾಧುವಾದವನ್ನಷ್ಟೇ ಹೇಳುವೆನು, ಲಕ್ಷಣಕ್ಕೆ ಒಳಪಡದ್ದೆಲ್ಲವೂ ದುಷ್ಟ ಎನ್ನುತ್ತಾನೆ. ಎಂದರೆ, ಉತ್ತರ ಸಿಕ್ಕದಿರುವುದು ಒಗಟಿನ ದೋಷವಲ್ಲ. ಉತ್ತರಕ್ಕೆ ಹೋಗುವ ಕ್ರಮವೇ ಇಲ್ಲದಿರುವುದು ದೋಷ. ಕ್ಸಿಮೆನಿಸ್ ಬೇಡಿದ್ದೂ ಇದನ್ನೇ.

ಈ ಆಟದ ಸಾಮಗ್ರಿಯನ್ನು ನಮ್ಮ ಕವಿಗಳು ಬಹು ಹಿಂದೆಯೇ ಬಲ್ಲವರಾಗಿದ್ದರು. ಬಾಣನ ‘ಕಾದಂಬರಿ’ಯಲ್ಲಿ ಶೂದ್ರಕ ರಾಜನು ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತೀ, ಗೂಢಚತುರ್ಥಪಾದಗಳಿಂದ ಹೊತ್ತು ಕಳೆಯುತ್ತಾನೆ. ಬಿಂದುಮತಿಯಲ್ಲಿ ವ್ಯಂಜನಗಳ ಬದಲು ಚುಕ್ಕೆಗಳನ್ನಿಟ್ಟು ಸ್ವರಚಿಹ್ನೆಗಳನ್ನು ಮಾತ್ರ ಉಳಿಸುತ್ತಾರೆ. ಅರ್ಧ ತುಂಬಿದ ಚೌಕಗಳ ಮುಂದೆ ಕುಳಿತವನ ಸ್ಥಿತಿಯೇ ಅದನ್ನು ಬಿಡಿಸುವವನದು. ಗೂಢಚತುರ್ಥಪಾದದಲ್ಲಿ ನಾಲ್ಕನೆಯ ಪಾದದ ಅಕ್ಷರಗಳು ಮೊದಲ ಮೂರರಲ್ಲಿ ಅಡಗಿರುತ್ತವೆ. ಮೇಲೆ ನಾನು ಕಟ್ಟಿದ ‘ಬಳೆ’ ಮಾತ್ರಾಚ್ಯುತಕದ ಜಾತಿಯದು, ‘ಕದ’ ಬಿಂದುಚ್ಯುತಕದ್ದು.

ಅಮೋಘವರ್ಷ ನೃಪತುಂಗನ ಗುರುವಾದ ಜಿನಸೇನಾಚಾರ್ಯನ ಸಂಸ್ಕೃತ ‘ಆದಿಪುರಾಣ’ದ ಹನ್ನೆರಡನೆಯ ಪರ್ವದಲ್ಲಿ ಈ ಆಟಕ್ಕೆ ಬೇರೆಯೇ ಗೌರವ ಒದಗಿದೆ. ವೃಷಭನಾಥನನ್ನು ಗರ್ಭದಲ್ಲಿ ಧರಿಸಿದ ಮರುದೇವಿಯನ್ನು ದೇವಿಯರು ಪ್ರಹೇಳಿಕೆಗಳಿಂದ ರಂಜಿಸುತ್ತಾರೆ. ಆಕೆ ಒಂದೊಂದಕ್ಕೂ ಉತ್ತರಿಸುತ್ತಾಳೆ. ಇಲ್ಲಿ ಒಗಟು ಕೇವಲ ಕಾಲಹರಣವಲ್ಲ. ಬಿಡಿಸುವವಳ ಪ್ರಜ್ಞೆಯ ಬೆಳಕು ಹುಟ್ಟಲಿರುವ ತೀರ್ಥಂಕರನ ಸೂಚನೆಯಾಗಿದೆಯೆಂದು ನಾನು ಓದುತ್ತೇನೆ.

ಹೀಗಿದ್ದರೂ ಆಲಂಕಾರಿಕರ ತೀರ್ಪು ಕಠೋರವೇ. ವ್ಯಾಖ್ಯಾನದಿಂದಲೇ ತಿಳಿಯಬೇಕಾದ ಕಾವ್ಯ ಜಾಣರಿಗೆ ಹಬ್ಬ, ಮಂದಮತಿಗಳ ಗತಿಯೇನು ಎಂದು ಭಾಮಹ ಮರುಗಿದನು. ಭಟ್ಟಿಕಾವ್ಯದ ಕೊನೆಯಲ್ಲಿ ಇದೇ ಮಾತು ಹೆಮ್ಮೆಯಾಗಿ ತಿರುಗಿದೆ. ವಿಶ್ವನಾಥನಂತೂ ರಸಕ್ಕೆ ಅಡ್ಡಿಯೆಂದು ಪ್ರಹೇಳಿಕೆಯನ್ನು ಅಲಂಕಾರಗಳ ಪಂಕ್ತಿಯಿಂದಲೇ ಎಬ್ಬಿಸಿದನು. ರಸದೃಷ್ಟಿಯಿಂದ ಅವನ ಮಾತು ಸರಿಯಿರಬಹುದು. ಆದರೆ ಈ ತೀರ್ಪನ್ನು ನೆಚ್ಚಿ ನಮ್ಮ ವಿದ್ಯಾರ್ಥಿಗಳು ಈ ಪದ್ಯಗಳನ್ನು ಹಾರಿಸಿ ಓದುವುದರಿಂದ ಆಗುವ ಹಾನಿ ರಸದ್ದಲ್ಲ, ಪಾಠದ್ದು. ತಾಳೆಯೋಲೆಯಲ್ಲಿ ಬಿಂದುವೊಂದು ಕಾಣದಿದ್ದರೆ ಲಿಪಿಕಾರನ ಪ್ರಮಾದವೆಂದು ಸಂಪಾದಕನು ಅದನ್ನು ಸೇರಿಸುತ್ತಾನೆ. ಕವಿಯೇ ಬೇಕೆಂದು ತೆಗೆದ ಬಿಂದು ಅದಾಗಿದ್ದರೆ ಒಗಟು ಅಲ್ಲಿಗೆ ಸತ್ತಿತು. ಕ್ರಿಯಾಗೂಢದಲ್ಲಿ ನಾಮಪದದೊಳಗೆ ಅಡಗಿದ ಕ್ರಿಯಾಪದವನ್ನು ಕಾಣದೆ ವಾಕ್ಯ ಅಪೂರ್ಣವೆಂದು ತಿದ್ದಿದರೂ ಅದೇ ಗತಿ.

ಧರ್ಮದಾಸನ ‘ವಿದಗ್ಧಮುಖಮಂಡನ’ವೆಂಬ ಒಗಟುಗಳ ಗ್ರಂಥಕ್ಕೆ ಜೈನ ಯತಿಗಳು ಟೀಕೆಗಳನ್ನು ಬರೆದರು. ಅಂಥ ಟೀಕೆಗೆ ಉತ್ತರವನ್ನಷ್ಟೇ ಹೇಳಿದರೆ ಸಾಲದು. ಪದವನ್ನು ಎಲ್ಲಿ ಒಡೆಯಬೇಕು, ಯಾವ ಅಕ್ಷರ ಹೋಗಬೇಕು, ಎರಡನೆಯ ಅರ್ಥ ಯಾವ ಕೋಶದಿಂದ ಬಂತು ಎಂಬುದನ್ನೂ ತೋರಿಸಬೇಕು. ಪ್ರಹೇಳಿಕೆಯುಳ್ಳ ಕೃತಿಯ ಸಂಪಾದನೆಗೆ ತೊಡಗುವವರು ಪಾಠಾಂತರಗಳನ್ನು ತೂಗುವ ಮೊದಲು ಈ ಟೀಕೆಗಳ ಮುಂದೆ ಕುಳಿತುಕೊಳ್ಳಬೇಕು.