ಜಾಂಬಿ ಸಿನಿಮಾ: ದೆವ್ವದ ಕಥೆಯೋ, ನಮ್ಮದೇ ಭಯದ ಕಥೆಯೋ?

ದಾವಣಗೆರೆಯ ಥಿಯೇಟರಿನಲ್ಲಿ ನೋಡಿದರೂ, ಹರಿಹರದ ಮನೆಯಲ್ಲಿ ಮೊಬೈಲಿನಲ್ಲಿ ನೋಡಿದರೂ ಜಾಂಬಿ ಸಿನಿಮಾ ಹುಟ್ಟಿಸುವ ಪ್ರಶ್ನೆ ಒಂದೇ: ಸತ್ತವರು ಎದ್ದು ಬಂದು ಕಚ್ಚುತ್ತಾರೆಯೇ? ಇಲ್ಲ. ಹಾಗಾದರೆ ಜಾಂಬಿ ಬಂದದ್ದು ಎಲ್ಲಿಂದ?

ಹೈಟಿಯ ಗುಲಾಮರಿಂದ. ಸತ್ತ ಮೇಲೂ ದುಡಿಯಬೇಕಾದೀತು ಎಂಬ ಅವರ ಭಯವೇ ಜಾಂಬಿ. 1932ರ ‘ವೈಟ್ ಜಾಂಬಿ’ ಅದನ್ನು ತೆರೆಗೆ ತಂದಿತು. 2002ರ ‘28 ಡೇಸ್ ಲೇಟರ್’ನಲ್ಲಿ ಭಯ ವೈರಸ್‌ನದು. 2021ರ ತೆಲುಗಿನ ‘ಜಾಂಬಿ ರೆಡ್ಡಿ’ಯಲ್ಲಿ ಕೊರೊನಾದ್ದು.

ನಮ್ಮಲ್ಲೂ 1990ರ ದಶಕದಲ್ಲಿ, ರಾತ್ರಿ ಪರಿಚಯದವರ ದನಿಯಲ್ಲಿ ಕರೆಯುವ ದೆವ್ವಕ್ಕೆ ಹೆದರಿ ಹಲವರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ಅದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಆದರೆ ಎದುರಿಗಿರುವ ಮನುಷ್ಯನೇ ಜಾಂಬಿಯಂತೆ ಕಂಡರೆ? 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ಅದೇ. ಹೈದರಾಬಾದಿನಿಂದ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ‘ಮಕ್ಕಳ ಕಳ್ಳರು’ ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಅವರಲ್ಲಿ ಒಬ್ಬ ಯುವಕನನ್ನು ಹೊಡೆದು ಕೊಂದಿತು.

ಸಿನಿಮಾದ ಭಯ ಲೈಟು ಹಾಕಿದೊಡನೆ ಮುಗಿಯುತ್ತದೆ, ಫಾರ್ವರ್ಡ್‌ನದು ಮುಗಿಯುವುದಿಲ್ಲ. ನಾವು ಹೇಳುವುದಿಷ್ಟೆ: ‘ನಮ್ಮೂರಿಗೂ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ಬಂದರೆ ಗ್ರೂಪಿಗೆ ಹಾಕಬೇಡಿ. ಮೊದಲು 112ಕ್ಕೆ ಕರೆ ಮಾಡಿ.