ಕಡತ ಕಂಪ್ಯೂಟರ್‌ಗೆ ಬಂತು, ಜನರಿಗೆ?

ಅಮೆರಿಕದಲ್ಲಿ ಷೇರು ಮಾರುವ ಕಂಪನಿಗಳು ತಮ್ಮ ಲೆಕ್ಕಪತ್ರವನ್ನ ಎಸ್‌ಇಸಿ ಅನ್ನೋ ಸರ್ಕಾರಿ ಸಂಸ್ಥೆಗೆ ಕೊಡಲೇಬೇಕು. ಆ ಕಾಗದದ ರಾಶಿ ಕರಗಿಸೋಕೆ 1984ರಲ್ಲಿ ‘ಎಡ್ಗರ್’ ಅನ್ನೋ ಕಂಪ್ಯೂಟರ್ ವ್ಯವಸ್ಥೆಯ ಪ್ರಯೋಗ ಶುರುವಾಯ್ತು. 1996ರ ಮೇ ಹೊತ್ತಿಗೆ ಅದು ಅಲ್ಲಿನ ಸಾರ್ವಜನಿಕ ಕಂಪನಿಗಳಿಗೆಲ್ಲ ಕಡ್ಡಾಯವಾಯ್ತು.

ಸಲ್ಲಿಸೋದೇನೋ ಸುಲಭ ಆಯ್ತು. ಓದೋದು? ಅದೇ ದಾಖಲೆಗಳನ್ನ ಖಾಸಗಿಯವರು ದುಬಾರಿ ಬೆಲೆಗೆ ಮಾರ್ತಿದ್ರು. ಇಂಟರ್ನೆಟ್ ರೇಡಿಯೊ ಮೊದಲಿಗರಲ್ಲಿ ಒಬ್ಬರಾದ ಕಾರ್ಲ್ ಮಾಲಮುಡ್ ಅವನ್ನ ಪುಕ್ಕಟೆಯಾಗಿ ಇಂಟರ್ನೆಟ್‌ಗೆ ಹಾಕಿದ್ರು. 1995ರಲ್ಲಿ, ಇದು ಸರ್ಕಾರವೇ ಮಾಡಬೇಕಾದ ಕೆಲಸ ಅಂತ ಸೇವೆ ನಿಲ್ಲಿಸೋಕೆ ಹೊರಟರು. ಬಳಕೆದಾರರು ಎಸ್‌ಇಸಿಗೆ ದುಂಬಾಲು ಬಿದ್ರು. ಕೊನೆಗೆ ಸಂಸ್ಥೆಯೇ ಆ ಸೇವೆ ವಹಿಸ್ಕೊಳ್ತು.

ನಮ್ಮಲ್ಲೂ 2006ರಲ್ಲಿ ಎಂಸಿಎ-21 ಬಂದು ಕಂಪನಿ ಕಡತಗಳು ಆನ್‌ಲೈನ್ ಆದ್ವು. ಆದರೆ ಬಹಳಷ್ಟು ದಾಖಲೆ ತೆರೆದು ನೋಡೋಕೆ ಶುಲ್ಕ ಕಟ್ಟಬೇಕು.