ಭಟಕಳ ಹೊನ್ನಾವರಗಳ ಫಲವ್ಯಾಪಾರವೂ ಒಳನಾಡಿನ ಬೇಸಾಯವೂ

ಪಶ್ಚಿಮ ಕರಾವಳಿಯ ಬಂದರಗಳ ಚರಿತ್ರೆಯಲ್ಲಿ ಹಡಗು, ಕುದುರೆ, ಕೋಟೆ, ಕೌಲುಗಳ ವಿಚಾರವೇ ಪ್ರಾಧಾನ್ಯವನ್ನು ಪಡೆಯುವುದು ರೂಢಿ. ಆ ಹಡಗುಗಳನ್ನು ತುಂಬಿದ ಪದಾರ್ಥಗಳನ್ನು ಬೆಳೆದವರಾರೆಂಬ ಪ್ರಶ್ನೆಯು ಹಿಂದೆ ಬೀಳುತ್ತದೆ. ಕ್ರಿ. ಶ. 1342ರ ಸುಮಾರಿಗೆ ಹೊನ್ನಾವರವನ್ನು ಕಂಡ ಇಬ್ನ್ ಬತೂತನು, ಅಲ್ಲಿಯ ಜನರ ಜೀವನವು ಸಮುದ್ರವ್ಯಾಪಾರದಿಂದ ನಡೆಯುವುದೆಂದೂ ಅವರಿಗೆ ಬೇಸಾಯವಿಲ್ಲವೆಂದೂ ಹೇಳಿರುವುದು ಮೇಲಿನ ರೂಢಿಗೆ ಆಧಾರವಾಗುವಂತೆ ತೋರುತ್ತದೆ.

ಆದರೆ 1516ರ ಸುಮಾರಿಗೆ ಪೋರ್ತುಗೀಜನಾದ ದುವಾರ್ತೆ ಬರ್ಬೋಸನು ಬರೆದಿಟ್ಟ ಸಂಗತಿಗಳು ಬೇರೆಯಾಗಿವೆ. ಈಗಿನ ಕುಮಟಾ ತಾಲೂಕಿಗೆ ಸೇರಿದ ಮಿರ್ಜಾನದಿಂದಲೂ ಹೊನ್ನಾವರದಿಂದಲೂ ಅಕ್ಕಿಯು ಹೇರಳವಾಗಿ ಹೊರಹೋಗುತ್ತಿದ್ದಿತು. ಮಲಬಾರದ ವರ್ತಕರು ತೆಂಗಿನಕಾಯಿಯನ್ನೂ ಎಣ್ಣೆಯನ್ನೂ ತಂದು ಹೊನ್ನಾವರದ ಅಗ್ಗದ ಕಪ್ಪಕ್ಕಿಯನ್ನು ಒಯ್ಯುತ್ತಿದ್ದರು. ಭಟಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣಗಳು ಹೊರ್ಮುಜಿಗೆ ಹೋಗುತ್ತಿದ್ದವು. ಪಾಕದಲ್ಲಿಟ್ಟ ಅಳಲೆಕಾಯಿಯೂ ಅಲ್ಲಿ ಮಾರಾಟಕ್ಕಿದ್ದಿತು. ಹೊರ್ಮುಜಿನಿಂದ ಕುದುರೆಗಳು ಬರುತ್ತಿದ್ದವು.

ಹಸಿಯ ಹಣ್ಣು ಹಾಯಿಹಡಗಿನ ದೀರ್ಘಪ್ರಯಾಣವನ್ನು ತಾಳಲಾರದು. ಆದುದರಿಂದ ಸಮುದ್ರವನ್ನು ದಾಟಿದ ಫಲಗಳೆಂದರೆ ತನ್ನ ಕರಟದಲ್ಲಿಯೇ ಭದ್ರವಾಗಿರುವ ತೆಂಗು, ಪಾಕದಲ್ಲಿ ಉಳಿಯುವ ಅಳಲೆ, ಬಿಸಿಲಿಗೆ ಒಣಗಿದ ಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದು ಕರೆದುದು ಪ್ರಸಿದ್ಧವಷ್ಟೆ. ಆ ಮೆಣಸಿನ ಬಳ್ಳಿಯು ಹಬ್ಬಿದುದು ಘಟ್ಟದ ಕಣಿವೆಗಳಲ್ಲಿ, ಅಡಕೆಯ ಮರಗಳ ಮೇಲೆ.

ಹಾಗಾದರೆ ಇಬ್ನ್ ಬತೂತನ ಮಾತು ಸುಳ್ಳೆ? ಸುಳ್ಳೆನ್ನಲು ಕಾರಣವಿಲ್ಲ. ಸಂದಾಬೂರಿನಿಂದ, ಅಂದರೆ ಗೋವೆಯಿಂದ, ಕೊಲ್ಲಂವರೆಗಿನ ನಾಡಿನಲ್ಲಿ ಗೇಣಗಲ ನೆಲವೂ ಬೀಳುಬಿದ್ದಿಲ್ಲವೆಂದೂ ಪ್ರತಿಯೊಬ್ಬನ ಮನೆಯು ಅವನ ತೋಟದ ನಡುವೆ ಇರುವುದೆಂದೂ ಅವನೇ ಬರೆದಿದ್ದಾನೆ. ಎರಡನ್ನೂ ಕೂಡಿಸಿ ನೋಡಿದರೆ, ಬೇಸಾಯವಿಲ್ಲವೆಂಬ ಮಾತು ಬಂದರದ ವರ್ತಕಸಮಾಜಕ್ಕೆ ಮಾತ್ರ ಅನ್ವಯಿಸುವುದೆಂದು ತಿಳಿಯುವುದು ಯುಕ್ತ. ಬಂದರದವನು ಉಳಲಿಲ್ಲ, ಅವನ ಹಡಗು ತುಂಬಿದುದು ಉಳುವವನಿಂದ.

ತೆಂಗಿನ ವಿಷಯವು ಇನ್ನೂ ವಿಚಾರಾರ್ಹವಾದುದು. ಇಂದು ಹೊನ್ನಾವರ ಕುಮಟಾಗಳ ಕಡಲಂಚು ತೆಂಗಿನ ತೋಟಗಳಿಂದ ತುಂಬಿದೆ. ಬರ್ಬೋಸನ ಕಾಲದಲ್ಲಿ ಅದೇ ಕಾಯಿ ಪರನಾಡಿನಿಂದ ಬರುತ್ತಿದ್ದಿತು. ಆಗ ಇಲ್ಲಿ ತೆಂಗು ಇರಲೇ ಇಲ್ಲವೆಂದು ಇದರಿಂದ ಸಾಧಿಸಲಾಗದು. ಇದ್ದುದು ಬೇಡಿಕೆಗೆ ಸಾಲುತ್ತಿರಲಿಲ್ಲವೆಂದಷ್ಟೇ ಊಹಿಸಬಹುದು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಬಂದರಗಳ ಜೊತೆಗೆ ಗದ್ದೆ, ತೋಟ, ಗೇಣಿಗಳ ವಿವರವನ್ನೂ ಸಂಗ್ರಹಿಸಿದನು. ಕರಾವಳಿಯ ಚರಿತ್ರಕಾರನೂ ಹಡಗುಕಟ್ಟೆಯಲ್ಲಿ ನಿಲ್ಲದೆ ಆ ಗದ್ದೆಯವರೆಗೆ ಹೋಗುವುದು ಅವಶ್ಯಕ.